ಅಜ್ಜಿಯ ಪಾಲಿಗೆ ಬಂದ ಡೀಸೆಲ್ ಟ್ಯಾಂಕು

ಡೀಸೆಲ್ ವಾಸನೆಗೆ ಅರಿಶಿನದ ವಾಸನೆ ಬೆರೆತರೆ ಹೇಗಿರುತ್ತದೆಂದು ನಿಮಗೆ ಗೊತ್ತಿರಲಾರದು. ಗೊತ್ತಿದ್ದರೆ, ನೀವು ಎಂದೋ ಒಮ್ಮೆ ತೊಂಡೇಬಾವಿಯ ನಮ್ಮ ಮನೆಯಲ್ಲಿ ಮುದ್ದೆ ಉಂಡು ಹೋದವರೇ ಇರಬೇಕು. ಚಿಕ್ಕಬಳ್ಳಾಪುರದ ನನ್ನ ಈಗಿನ ಮನೆಯ ಅಡುಗೆಮನೆ ಕಿಟಕಿಯಲ್ಲಿ, ಉಪ್ಪಿನ ಡಬ್ಬಿಯ ಪಕ್ಕದಲ್ಲಿ ಒಂದು ಕಬ್ಬಿಣದ ಮುಚ್ಚಳವಿದೆ. ಅಂಗೈ ಅಗಲದ್ದು, ಅಂಚು ಸವೆದದ್ದು, ನಡುವೆ ಸೂಜಿ ತೂರುವಷ್ಟು ಸಣ್ಣ ತೂತು ಇರುವಂಥದ್ದು. ಬಂದವರು ಅದನ್ನು ಕೈಗೆತ್ತಿಕೊಂಡು ಹಿಂದೆ ಮುಂದೆ ತಿರುಗಿಸಿ, ಇದು ಯಾವ ಪಾತ್ರೆಯ ಮುಚ್ಚಳ ಎಂದು ಕೇಳುತ್ತಾರೆ. ಬಿಸಿಲಿನ ದಿನಗಳಲ್ಲಿ ಅದಕ್ಕೆ ಯಾವ ವಾಸನೆಯೂ ಇಲ್ಲ. ಆದರೆ ಜಡಿಮಳೆ ಹಿಡಿದು ಗೋಡೆಯೆಲ್ಲ ತಣ್ಣಗಾದ ದಿನ, ಕಿಟಕಿ ತೆಗೆದರೆ ಮೊದಲು ಡೀಸೆಲ್ ಬರುತ್ತದೆ, ಅದರ ಬೆನ್ನಿಗೇ ಕಲ್ಲಿನ ಮೇಲೆ ತೇಯ್ದ ಹಸಿ ಅರಿಶಿನ ಬರುತ್ತದೆ. ಎಷ್ಟು ವರ್ಷದ ವಾಸನೆ ಅದು, ಕಬ್ಬಿಣ ಹೇಗೆ ಹಿಡಿದಿಟ್ಟುಕೊಂಡಿದೆಯೋ. ಒಲೆಯ ಮೇಲೆ ಒಗ್ಗರಣೆ ಸೀಯುತ್ತಿದ್ದರೂ ನನಗೆ ಅರಿವಿರುವುದಿಲ್ಲ. ನಾನಾಗ ತೊಂಡೇಬಾವಿಯ ಅಂಗಳದಲ್ಲಿ ನಿಂತಿರುತ್ತೇನೆ.

ಆ ಅಂಗಳ ಈಗ ಇಲ್ಲ. ರೈಲು ನಿಲ್ದಾಣದಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ ನಮ್ಮ ಹೆಂಚಿನ ಮನೆ, ಮನೆಯ ಮುಂದೆ ಹೊಂಗೆ ಮರ, ಹೊಂಗೆ ಮರದ ಕೆಳಗೆ ನಮ್ಮ ಲಾರಿ. ಅಪ್ಪ ಮುನಿರಾಜು ಮತ್ತು ಅವರ ತಮ್ಮ, ನನ್ನ ಚಿಕ್ಕಪ್ಪ ಕೃಷ್ಣಪ್ಪ, ಇಬ್ಬರೂ ಸೇರಿ ಹಿಂದೂಪುರದ ಯಾರಿಂದಲೋ ಕೊಂಡು ತಂದ ಹಳೆಯ ಲಾರಿ ಅದು. ಅಪ್ಪ ಓಡಿಸುತ್ತಿದ್ದರು, ಗ್ಯಾರೇಜಿನಲ್ಲಿ ಕೆಲಸ ಕಲಿತಿದ್ದ ಚಿಕ್ಕಪ್ಪ ರಿಪೇರಿ ಮಾಡುತ್ತಿದ್ದರು. ಊರಿನಲ್ಲಿ ನಮ್ಮನ್ನು ಯಾರೂ ಹೆಸರಿನಿಂದ ಗುರುತಿಸುತ್ತಿರಲಿಲ್ಲ, ಲಾರಿಯವರ ಮನೆಯವರು ಎನ್ನುತ್ತಿದ್ದರು. ಅದು ನಿಂತ ದಿನ ಅದರ ಹಿಂಬದಿಯಲ್ಲಿ ಅಮ್ಮ ಮತ್ತು ಚಿಕ್ಕಮ್ಮ ಸಂಡಿಗೆ ಒಣಗಿಸುತ್ತಿದ್ದರು, ಕೋಳಿಗಳು ಕೆಳಗೆ ನೆರಳು ಹುಡುಕುತ್ತಿದ್ದವು, ನಾನು ಕ್ಯಾಬಿನ್ನಿನಲ್ಲಿ ಕೂತು ಮಗ್ಗಿ ಬಾಯಿಪಾಠ ಮಾಡುತ್ತಿದ್ದೆ. ಅದು ಗೌರಿಬಿದನೂರಿಗೆ ಮುಸುಕಿನ ಜೋಳ ಹೊರುತ್ತಿತ್ತು, ಚಿಂತಾಮಣಿಗೆ ಟೊಮ್ಯಾಟೊ ಹೊರುತ್ತಿತ್ತು, ಮದುವೆ ಬಂದರೆ ನಮ್ಮ ಬೀದಿಯವರನ್ನೆಲ್ಲ ಹೊರುತ್ತಿತ್ತು. ಇಬ್ಬರು ಅಣ್ಣತಮ್ಮಂದಿರು, ಇಬ್ಬರು ವಾರಗಿತ್ತಿಯರು ಒಂದೇ ಒಲೆಯಲ್ಲಿ ಬೇಯಿಸಿಕೊಂಡು ಉಣ್ಣುತ್ತಿದ್ದದ್ದು ಆ ಲಾರಿಯ ದೆಸೆಯಿಂದ. ಅದೊಂದು ಹೋದರೆ ಮನೆ ಎರಡಾಗುತ್ತದೆಂಬುದು ನಮ್ಮ ಮನೆಯ ಕೋಳಿಗಳಿಗೂ ಗೊತ್ತಿತ್ತು.

ಆ ಮನೆಯ ಯಜಮಾನಿ ನನ್ನ ಅಜ್ಜಿ ಮುನಿಯಮ್ಮ. ಕುಳ್ಳಗೆ, ಕಪ್ಪಗೆ, ಸೊಂಟದ ಚೀಲದಲ್ಲಿ ಎಲೆ ಅಡಿಕೆಯ ಜೊತೆಗೇ ಕುಂಕುಮದ ಪುಟ್ಟ ಭರಣಿ ಇಟ್ಟುಕೊಂಡು ಓಡಾಡುತ್ತಿದ್ದವಳು. ಶುಕ್ರವಾರ ತಲೆಗೆ ನೀರು ಹಾಕಿಕೊಂಡು, ಕೂದಲು ಒಣಗುವ ಮೊದಲೇ ಅರಿಶಿನದ ಕೊಂಬನ್ನು ಕಲ್ಲಿನ ಮೇಲೆ ತೇಯಲು ಕೂರುತ್ತಿದ್ದಳು. ಗರಗರ ಎನ್ನುವ ಆ ಸದ್ದಿಗೇ ನನಗೆ ಎಚ್ಚರವಾಗುತ್ತಿತ್ತು. ಮೊದಲು ಹೊಸ್ತಿಲಿಗೆ, ಆಮೇಲೆ ಒಲೆಗೆ, ಆಮೇಲೆ ಹಸುವಿನ ಹಣೆಗೆ, ಕೊನೆಯಲ್ಲಿ ಲಾರಿಗೆ. ಹೊಸ್ತಿಲಿಗೂ ಹಸುವಿಗೂ ಬೆರಳ ತುದಿಯಷ್ಟು, ಲಾರಿಗೆ ಮಾತ್ರ ಅಂಗೈ ತುಂಬ. ಬಂಪರಿಗೆ, ಎರಡು ದೀಪಗಳಿಗೆ, ಗಾಜಿನ ಕೆಳಗೆ, ಚಕ್ರಗಳಿಗೆ ಹಚ್ಚಿ ಹಚ್ಚಿ, ಬೀದಿಯ ತುದಿಯಲ್ಲಿ ನೋಡಿದವರಿಗೆ ಮದುವಣಗಿತ್ತಿ ಬಂದ ಹಾಗೆ ಕಾಣುವಂತೆ ಮಾಡಿ ಕಳಿಸುತ್ತಿದ್ದಳು. ತೆಲುಗು ಕನ್ನಡ ಎರಡೂ ಬೆರೆಸಿ ಅದರೊಂದಿಗೆ ಏನೋ ಮಾತೂ ಆಡುತ್ತಿದ್ದಳು. ನಾಯನಾ, ಹುಷಾರಾಗಿ ಹೋಗಿ ಬಾ, ನನ್ನ ಮಕ್ಕಳನ್ನು ಹಾಗೇ ವಾಪಸು ತಾ ಎಂಬುದು ಅದರ ಸಾರಾಂಶ.

ಇಂಥ ಮನೆಯಲ್ಲಿ ಚಿಕ್ಕಪ್ಪ ಬೌದ್ಧರಾದರು. ಗೆಳೆಯರ ಜೊತೆ ಬೆಂಗಳೂರಿಗೆ ಹೋಗಿ ದೀಕ್ಷೆ ತೆಗೆದುಕೊಂಡು, ಚೌಕಟ್ಟು ಹಾಕಿಸಿದ ಒಂದು ಬುದ್ಧನ ಪಟವನ್ನು ಟವೆಲಿನಲ್ಲಿ ಸುತ್ತಿಕೊಂಡು ರೈಲಿಳಿದು ಬಂದರು. ಚಿಕ್ಕಪ್ಪ ಮೆಲುಮಾತಿನ ಮನುಷ್ಯ, ಆದರೆ ಹಿಡಿದದ್ದನ್ನು ಬಿಡುವವರಲ್ಲ. ಪಟವನ್ನು ಲಾರಿಯ ಗಾಜಿನ ಮೇಲ್ಗಡೆ ಒಳಗೆ ಹಾಕಿದರು. ಮುಂದಿನ ಶುಕ್ರವಾರ ಅಜ್ಜಿ ಬಟ್ಟಲು ಹಿಡಿದು ಬಂದಾಗ ಬಂಪರಿಗೆ ಅಡ್ಡ ನಿಂತರು.

“ಬೇಡಮ್ಮ. ಗುಡಿ ಬಾಗಿಲಲ್ಲೇ ನಮ್ಮನ್ನ ನಿಲ್ಲಿಸಿದೋರ ಕುಂಕುಮ ನಮಗ್ಯಾಕೆ?”

“ನನ್ ಅರಿಶಿನ ಯಾವ ಗುಡಿಗೂ ಹೋಗಿಲ್ಲ ನಾಯನಾ,” ಎಂದಳು ಅಜ್ಜಿ. “ಈ ಕಲ್ಲಲ್ಲಿ ನಾನೇ ತೇಯ್ದಿದ್ದು. ನಿನ್ ಹಣೆಗೆ ಇಡಲ್ಲ ಬಿಡು. ಲಾರಿ ಏನು ದೀಕ್ಷೆ ತಗೊಂಡಿದ್ಯಾ?”

ಚಿಕ್ಕಪ್ಪನಿಗೂ ನಗು ಬಂತು, ಆದರೆ ನಗಲಿಲ್ಲ. ಇಬ್ಬರದೂ ಸರಿಯೇ ಎಂದು ನನಗೆ ಈಗ ಅನ್ನಿಸುತ್ತದೆ. ಚಿಕ್ಕಪ್ಪ ಚಿಕ್ಕವರಿದ್ದಾಗ ಊರಿನ ಗುಡಿಯ ಮೆಟ್ಟಿಲ ಬಳಿ ಅನುಭವಿಸಿದ್ದನ್ನು ನಾನು ಅನುಭವಿಸಿದವಳಲ್ಲ. ಅಜ್ಜಿಯೂ ಅದನ್ನೇ ಅನುಭವಿಸಿ, ಅದಕ್ಕೆ ತನ್ನದೇ ಆದ ಉತ್ತರವಾಗಿ ಮನೆಯ ಕಲ್ಲಿನಲ್ಲಿ ಅರಿಶಿನ ತೇಯುತ್ತ ಬಂದವಳು. ಕೆಲವು ದಿನ ಮನೆಯಲ್ಲಿ ಯಾರಿಗೂ ಊಟ ರುಚಿಸಲಿಲ್ಲ. ಕೊನೆಗೆ ಚಿಕ್ಕಪ್ಪನೇ ಹಾವೂ ಸಾಯದ ಕೋಲೂ ಮುರಿಯದ ಒಂದು ದಾರಿ ಕಂಡುಹಿಡಿದರು. ಅಜ್ಜಿಯನ್ನು ಲಾರಿಯ ಪಕ್ಕಕ್ಕೆ ಕರೆದುಕೊಂಡು ಹೋಗಿ ಡೀಸೆಲ್ ಟ್ಯಾಂಕು ತೋರಿಸಿದರು. “ಲಾರಿ ಮುಂದ್ಗಡೆ ಎಲ್ಲ ನಂಗೆ ಬಿಡು. ಈ ಟ್ಯಾಂಕ್ ನಿಂದು. ಇಲ್ಲಿ ಏನ್ ಬೇಕಾದ್ರೂ ಹಚ್ಕೋ, ನಾನು ಕೇಳಲ್ಲ.” ಅಜ್ಜಿ ಟ್ಯಾಂಕನ್ನು ಸುತ್ತಿ ಬಂದು, ಬೆರಳ ಗೆಣ್ಣಿನಿಂದ ಬಡಿದು ನೋಡಿ, “ಆಗ್ಲಿ. ಹೊಟ್ಟೆ ತಣ್ಣಗಿದ್ರೆ ಮಿಕ್ಕಿದ್ದೆಲ್ಲ ತಣ್ಣಗಿರ್ತದೆ,” ಎಂದು ಒಪ್ಪಿಕೊಂಡಳು. ಅಣ್ಣತಮ್ಮಂದಿರು ಹೊಲ ಪಾಲು ಮಾಡಿಕೊಳ್ಳುವುದನ್ನು ನೋಡಿದ್ದೇವೆ. ನಮ್ಮ ಮನೆಯಲ್ಲಿ ತಾಯಿ ಮಗ ಲಾರಿ ಪಾಲು ಮಾಡಿಕೊಂಡರು. ಅಲ್ಲಿಂದಾಚೆಗೆ ಬಂಪರು, ದೀಪ, ಚಕ್ರಗಳಿಗೆಲ್ಲ ಹಂಚಿಹೋಗುತ್ತಿದ್ದ ಅಜ್ಜಿಯ ಅಷ್ಟೂ ಅರಿಶಿನ ಆ ಒಂದು ಟ್ಯಾಂಕಿನ ಮುಚ್ಚಳದ ಮೇಲೆ ಬೀಳತೊಡಗಿತು. ಹೋದ ವಾರದ್ದು ಒಣಗಿರುತ್ತಿತ್ತು, ಅದರ ಮೇಲೆ ಈ ವಾರದ್ದು, ಅದರ ಮೇಲೆ ಕುಂಕುಮ, ಅದರ ಮೇಲೆ ಒಂದು ಕನಕಾಂಬರ.

ಬೇಸಿಗೆ ಶುರುವಾಗುವ ಹೊತ್ತಿಗೆ ಲಾರಿ ಕೈಕೊಡಲು ಹಿಡಿಯಿತು. ಬೆಳಿಗ್ಗೆ ಎದ್ದು ಒಳ್ಳೆಯ ಮಗುವಿನ ಹಾಗೆ ಹೊರಡುತ್ತಿತ್ತು. ಒಂದಷ್ಟು ದೂರ ಹೋದ ಮೇಲೆ, ಅದೂ ಏರು ಸಿಕ್ಕರೆ, ಆಕ್ಸಿಲರೇಟರ್ ಎಷ್ಟು ತುಳಿದರೂ ಉಸಿರು ಸಾಲದೆ ಏದುಸಿರು ಬಿಟ್ಟು ನಿಂತುಬಿಡುತ್ತಿತ್ತು. ಅಪ್ಪ ಇಳಿದು ಬೀಡಿ ಸೇದಿ ಮುಗಿಸುವಷ್ಟರಲ್ಲಿ ಏನೂ ಆಗದವರ ಹಾಗೆ ಮತ್ತೆ ಶುರುವಾಗುತ್ತಿತ್ತು. ಡೀಸೆಲ್ ತುಂಬಿಸಿಕೊಂಡ ಮೇಲೆ ಸ್ವಲ್ಪ ದೂರ ಚೆನ್ನಾಗಿಯೇ ಓಡುತ್ತಿತ್ತು. ಚಿಕ್ಕಪ್ಪ ಹೊಂಗೆ ಮರದ ಕೆಳಗೆ ಗೋಣಿಚೀಲ ಹಾಸಿಕೊಂಡು ಅದರ ರೋಗ ಹುಡುಕಲು ಕೂತರು. ಇಂಜಿನ್ನಿಗೆ ಡೀಸೆಲ್ ಸಾಲುತ್ತಿಲ್ಲ ಎಂಬುದು ಮೊದಲ ದಿನವೇ ಗೊತ್ತಾಯಿತು. ಫಿಲ್ಟರ್ ಬದಲಿಸಿದರು. ಪೈಪುಗಳನ್ನು ಬಿಚ್ಚಿ ಬಾಯಿಂದ ಊದಿ ನೋಡಿದರು, ಡೀಸೆಲ್ ಬಾಯಿಗೆ ಬಂದು ಉಗುಳಿದರು. ಎಲ್ಲಿಂದಲಾದರೂ ಗಾಳಿ ಸೇರುತ್ತಿದೆಯೋ ಎಂದು ಒಂದೊಂದು ಜಾಯಿಂಟಿಗೂ ಸೋಪಿನ ನೊರೆ ಹಚ್ಚಿದರು. ಅವರ ಬೆನ್ನ ಹಿಂದೆ, ಶುಕ್ರವಾರ ಬಂದಾಗಲೆಲ್ಲ, ಲಾರಿಗೆ ಯಾರದೋ ಕಣ್ಣು ಬಿದ್ದಿದೆ ಎಂದುಕೊಂಡ ಅಜ್ಜಿ ಇನ್ನೂ ಒಂದು ಹಿಡಿ ಜಾಸ್ತಿ ಅರಿಶಿನ ಹಚ್ಚಿ ಹೋಗುತ್ತಿದ್ದಳು.

ಗೌರಿಬಿದನೂರಿನಿಂದ ಅತ್ತೆ ಬಂದಳು. ಅಪ್ಪ ಚಿಕ್ಕಪ್ಪ ಇಬ್ಬರಿಗೂ ಅಕ್ಕ ಅವಳು, ಬಾಯಿ ತೆರೆದರೆ ಮನೆಯ ಹೆಂಚು ಅಲುಗಬೇಕು. ಜಗುಲಿಯಲ್ಲಿ ಕೂತು, “ಮುಂದೆ ಪೂಜೆ ನಿಲ್ಲಿಸಿದ್ರಲ್ಲ, ಅವತ್ತಿಂದಾನೇ ಇದು ಹಿಂಗಾಗಿರೋದು. ನೀವ್ ಹೇಳ್ದಿದ್ರೂ ನಂಗೊತ್ತು,” ಎಂದುಬಿಟ್ಟಳು. ಚಿಕ್ಕಪ್ಪ ಕೇಳಿಸಿಕೊಂಡೂ ಕೇಳದವರ ಹಾಗೆ ಸ್ಪ್ಯಾನರ್ ಒರೆಸುತ್ತಿದ್ದರು. ಆದರೆ ಮಾತು ಅಪ್ಪನ ತಲೆಯಲ್ಲಿ ಉಳಿಯಿತು. ಅದೇ ವಾರ ರೈಲ್ವೆ ಗೇಟಿನ ಹತ್ತಿರ, ಲೋಡು ಸಮೇತ ಲಾರಿ ನಿಂತುಹೋಗಿ, ಊರಿನವರೆಲ್ಲ ಸೇರಿ ತಳ್ಳುತ್ತಿದ್ದಾಗ, ಬೆವರಿ ಸಾಕಾಗಿದ್ದ ಅಪ್ಪ ಎಲ್ಲರೆದುರಿಗೆ, “ನಿನ್ ಬುದ್ಧಂಗೂ ಇಳಿದು ಒಂದ್ ಕೈ ಹಾಕಕ್ಕೆ ಹೇಳೋ,” ಎಂದರು. ತಳ್ಳುತ್ತಿದ್ದವರು ನಕ್ಕರು. ಚಿಕ್ಕಪ್ಪ ತಳ್ಳುವುದನ್ನು ಬಿಡಲಿಲ್ಲ, ಮನೆ ಮುಟ್ಟುವವರೆಗೆ ತಳ್ಳಿದರು. ಆಮೇಲೆ ಅಣ್ಣನ ಜೊತೆ ಮಾತು ಬಿಟ್ಟರು. ಅಪ್ಪನಿಗೂ ತಪ್ಪಾಯಿತೆಂದು ಗೊತ್ತಿತ್ತು, ಆದರೆ ಅಣ್ಣನಾದವನು ಮೊದಲು ಸೋಲುವುದುಂಟೇ. ಚಿಂತಾಮಣಿಯಲ್ಲಿ ಹಳೆಯ ಲಾರಿ ಕೊಳ್ಳುವವನೊಬ್ಬ ಕೇಳುತ್ತಿದ್ದಾನೆ, ಇನ್ನೊಂದು ಸಲ ದಾರಿಯಲ್ಲಿ ನಿಂತರೆ ಅವನಿಗೇ ಕೊಟ್ಟು ಕೈ ತೊಳೆದುಕೊಳ್ಳುತ್ತೇನೆ, ಆಮೇಲೆ ಅವರವರ ದಾರಿ ಅವರವರು ನೋಡಿಕೊಳ್ಳಲಿ ಎಂದು ಅಮ್ಮನ ಹತ್ತಿರ ಹೇಳಿದರು. ಚಿಕ್ಕಪ್ಪನಿಗೆ ಕೇಳಿಸಲೆಂದೇ ಗಟ್ಟಿಯಾಗಿ ಹೇಳಿದರು. ಆ ಸಂಜೆ ಅಮ್ಮನೂ ಚಿಕ್ಕಮ್ಮನೂ ಒಂದೇ ಒಲೆಯ ಮುಂದೆ ಕೂತು ಒಂದು ಮಾತೂ ಆಡದೆ ಅಡುಗೆ ಮಾಡಿದ್ದು ನನಗೆ ನೆನಪಿದೆ.

ಮರುದಿನ ಚಿಕ್ಕಪ್ಪ ಕೊನೆಯ ಪರೀಕ್ಷೆ ಮಾಡಿದರು. ಎಣ್ಣೆಯ ಖಾಲಿ ಕ್ಯಾನಿಗೆ ಡೀಸೆಲ್ ತುಂಬಿ, ಅದನ್ನು ಹೊಂಗೆ ಕೊಂಬೆಗೆ ನೇತುಹಾಕಿ, ಅಲ್ಲಿಂದ ಒಂದು ರಬ್ಬರ್ ಪೈಪನ್ನು ಸೀದಾ ಇಂಜಿನ್ನಿನ ಫಿಲ್ಟರಿಗೆ ಕೊಟ್ಟರು. ಟ್ಯಾಂಕೂ ಬೇಡ, ಟ್ಯಾಂಕಿನಿಂದ ಡೀಸೆಲ್ ಎಳೆದು ಕೊಡುವ ಪಂಪೂ ಬೇಡ, ಮೇಲಿನಿಂದ ತಾನಾಗಿಯೇ ಇಳಿದು ಬರಲಿ ಎಂದು. ಲಾರಿಯ ಇಂಜಿನ್ನು ಊಟದ ಹೊತ್ತಿನವರೆಗೆ ಒಂದೇ ಸಮನೆ, ಒಂದು ಕೆಮ್ಮೂ ಇಲ್ಲದೆ ಓಡಿತು. “ಸೀಸೆ ಹಾಲು ಕುಡಿಯೋ ಮಗು ಥರ ಇದೆ ನೋಡು,” ಎಂದು ಅಜ್ಜಿ ಬಂದು ಬಾನೆಟ್ ಸವರಿದಳು. ಹಾಗಾದರೆ ಪಂಪೇ ಕೆಟ್ಟಿದೆ ಎಂದು ಚಿಕ್ಕಪ್ಪ ತೀರ್ಮಾನಿಸಿದರು. ಅದನ್ನು ಬಿಚ್ಚಿ ಗೋಣಿಯ ಮೇಲೆ ಹರಡಿದಾಗ ನಮಗೂ ತೋರಿಸಿದರು. ಒಳಗಿನ ಪಿಸ್ಟನ್ ಸವೆದು ಸಡಿಲವಾಗಿತ್ತು, ಸ್ಪ್ರಿಂಗು ಮುದುಕನ ಬೆನ್ನಿನ ಹಾಗೆ ಬಾಗಿತ್ತು. ಅದಕ್ಕೆ ವಯಸ್ಸಾಗಿದ್ದುದು ಸುಳ್ಳಲ್ಲ. ಗೌರಿಬಿದನೂರಿಗೆ ರೈಲಿನಲ್ಲಿ ಹೋಗಿ ಹೊಸದನ್ನು ತಂದರು. ಎಣ್ಣೆ ಕಾಗದದಲ್ಲಿ ಸುತ್ತಿದ್ದ, ಮುಷ್ಟಿ ಗಾತ್ರದ, ಬೆಳ್ಳಗೆ ಹೊಳೆಯುವ ಪಂಪು. ತಾಮ್ರದ ವಾಷರುಗಳನ್ನು ಒಂದೊಂದಾಗಿ ಉಗುರಿನಿಂದ ಸವರಿ ನೋಡಿ, ಅದನ್ನು ಇಂಜಿನ್ನಿನ ಪಕ್ಕಕ್ಕೆ ಕೂರಿಸಿ, ಬೋಲ್ಟುಗಳನ್ನು ಸಮಸಮವಾಗಿ ಬಿಗಿದರು. ಆಮೇಲೆ ಒಂದು ಸ್ಕ್ರೂ ಸಡಿಲ ಮಾಡಿ, ಪಂಪಿನ ತಲೆಯ ಗುಂಡಿಯನ್ನು ಕೈಯಿಂದ ಒತ್ತುತ್ತ ಹೋದರು. ಮೊದಲು ಗುಳುಗುಳು ಗುಳ್ಳೆ ಬಂತು, ಬಂತು, ಆಮೇಲೆ ಗುಳ್ಳೆಯಿಲ್ಲದ ತಿಳಿ ಡೀಸೆಲ್ ಬಂತು. ಒಳಗಿನ ಗಾಳಿಯೆಲ್ಲ ಹೋಯಿತು ಎಂದು ನನಗೆ ಹೇಳಿದರು. ಚಿಕ್ಕಪ್ಪ ಕೂರಿಸಿದ ವಾಷರ್ ಸೋರಿದ್ದನ್ನು ಗೌರಿಬಿದನೂರಿನ ಗ್ಯಾರೇಜುಗಳಲ್ಲಿ ಯಾರೂ ಕಂಡವರಿರಲಿಲ್ಲ. ಅವರಿಗಿದ್ದ ಒಂದೇ ಒಂದು ಜಂಬ ಅದು.

ಚಿಂತಾಮಣಿಗೆ ಜೋಳದ ಲೋಡು ಸಿಕ್ಕಿತು. ಪೆರೇಸಂದ್ರದಲ್ಲಿ ಒಂದಷ್ಟು ಮೂಟೆ ಇಳಿಸಿ, ಚಿಕ್ಕಬಳ್ಳಾಪುರ, ಶಿಡ್ಲಘಟ್ಟದ ಮೇಲೆ ಹೋಗುವುದು. ನಿಲ್ಲದೆ ಹೋಗಿ ಬಂದರೆ ಲಾರಿ ನಮ್ಮದು, ನಿಂತರೆ ಅಲ್ಲೇ ಕೊಟ್ಟು ಬಸ್ಸಿನಲ್ಲಿ ವಾಪಸು ಎಂದು ಅಪ್ಪ ಸಾರಿದರು. ಬೇಸಿಗೆ ರಜೆಯಾದ್ದರಿಂದ ಅಜ್ಜಿ ನನ್ನನ್ನೂ ಹತ್ತಿಸಿದಳು. “ಇಬ್ರ ಮಧ್ಯ ಕೂತ್ಕೊ ಪುಟ್ಟಿ. ಮಗು ಇದ್ರೆ ಬಾಯಿ ಹಿಡೀತಾರೆ,” ಎಂದು ಕಿವಿಯಲ್ಲಿ ಹೇಳಿದಳು. ಹಾಗೆ ನಾನು ಅವತ್ತು ಇಬ್ಬರು ದೊಡ್ಡವರ ನಡುವಿನ ಟೆಲಿಫೋನ್ ಆದೆ. “ನಿಮ್ಮಪ್ಪಂಗೆ ಹೇಳು, ಏರಲ್ಲಿ ಗೇರ್ ಮೊದ್ಲೇ ಇಳಿಸ್ಬೇಕು ಅಂತ,” ಎನ್ನುವರು ಚಿಕ್ಕಪ್ಪ. “ನಿಮ್ ಚಿಕ್ಕಪ್ಪಂಗೆ ಹೇಳು, ನಂಗೆ ಓಡ್ಸೋಕೆ ಬರತ್ತೆ ಅಂತ,” ಎನ್ನುವರು ಅಪ್ಪ. ಇಬ್ಬರ ಮೊಣಕೈಗಳೂ ನನಗೆ ತಾಗುತ್ತಿದ್ದವು, ಇಬ್ಬರ ಮಾತೂ ಇಬ್ಬರಿಗೂ ಕೇಳುತ್ತಿತ್ತು, ಆದರೂ ನಾನು ಹೇಳುವವರೆಗೆ ಇಬ್ಬರೂ ಕಾಯುತ್ತಿದ್ದರು. ನನಗೆ ಅದರಿಂದ ಬಹಳ ಖುಷಿಯಾಗಿತ್ತು. ಪೆರೇಸಂದ್ರದಲ್ಲಿ ಮೂಟೆ ಇಳಿಸಿ ಟೀ ಕುಡಿಯುವಾಗ ಚಿಕ್ಕಪ್ಪ ನನಗೆ ಬನ್ನು ಕೊಡಿಸಿ, ಅರ್ಧ ನಿಮ್ಮಪ್ಪನಿಗೆ ಕೊಡು ಎಂದರು. ಹೆದ್ದಾರಿಯಲ್ಲಿ ಹೊಸ ಪಂಪಿನ ಲಾರಿ ನಂದಿ ಬೆಟ್ಟವನ್ನು ಎದುರಿಗೆ ಇಟ್ಟುಕೊಂಡು ಹಾಡುತ್ತ ಹೋಯಿತು. ಅಪ್ಪನ ಮುಖ ಸಡಿಲವಾಗಿತ್ತು. ಚಿಕ್ಕಬಳ್ಳಾಪುರ ದಾಟಿದಾಗ ಅವರು ಸಣ್ಣಗೆ ಶಿಳ್ಳೆ ಹಾಕುತ್ತಿದ್ದರು.

ಶಿಡ್ಲಘಟ್ಟ ಇನ್ನೂ ಸ್ವಲ್ಪ ದೂರವಿರುವಾಗ, ಎರಡೂ ಕಡೆ ಹಿಪ್ಪುನೇರಳೆ ತೋಟಗಳಿರುವ ಕಡೆ, ಲಾರಿಯ ದನಿ ಇಳಿಯಿತು. ಅಪ್ಪ ಗೇರ್ ಇಳಿಸಿದರು, ಇನ್ನೂ ಇಳಿಸಿದರು. ಅದು ಒಮ್ಮೆ ನಡುಗಿ ನಿಂತೇಬಿಟ್ಟಿತು. ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದ ಹೆಂಗಸರ ಮಾತು ಕೇಳುವಷ್ಟು ಮೌನ. ಅಪ್ಪ ಸ್ಟೇರಿಂಗಿನಿಂದ ಕೈ ತೆಗೆಯಲಿಲ್ಲ. ರಸ್ತೆಯನ್ನೇ ನೋಡುತ್ತ, “ನಿಮ್ ಚಿಕ್ಕಪ್ಪಂಗೆ ಹೇಳಮ್ಮ, ಚಿಂತಾಮಣಿಯೋನಿಗೆ ಕೊಟ್ಬಿಡ್ತೀನಿ ಅಂತ,” ಎಂದರು. ದನಿಯಲ್ಲಿ ಕೋಪವಿರಲಿಲ್ಲ, ಅದಕ್ಕೇ ನನಗೆ ಭಯವಾಯಿತು. ನನಗೆ ಆ ಮಾತನ್ನು ದಾಟಿಸಲಾಗಲಿಲ್ಲ, ಅಳು ಬಂತು. ಚಿಕ್ಕಪ್ಪ ನನ್ನ ತಲೆಯ ಮೇಲೆ ಒಮ್ಮೆ ಕೈಯಿಟ್ಟು ಇಳಿದರು. ಬಾನೆಟ್ ತೆಗೆದು ಹೊಸ ಪಂಪಿನ ಗುಂಡಿ ಒತ್ತಿ ನೋಡಿದರು. ಒತ್ತಿದ ಗುಂಡಿ ಮೇಲೇಳುತ್ತಿರಲಿಲ್ಲ, ಯಾರೋ ಆ ಕಡೆಯಿಂದ ಹಿಡಿದು ಎಳೆಯುತ್ತಿದ್ದ ಹಾಗೆ ಒಳಗೇ ಕಚ್ಚಿಕೊಂಡಿತ್ತು. ಅವರು ಆಮೇಲೆ ಪೈಪಿನ ಮೇಲೆ ಕೈಯಾಡಿಸುತ್ತ ಹಿಂದಕ್ಕೆ ಬಂದು ಟ್ಯಾಂಕಿನ ಮೇಲೆ ಅಂಗೈ ಇಟ್ಟರು. ಟ್ಯಾಂಕಿನ ತಗಡು ಒಳಕ್ಕೆ ಗುಳಿಬಿದ್ದಿತ್ತು. ಮುಚ್ಚಳಕ್ಕೆ ಕೈ ಹಾಕಿ ತಿರುಗಿಸಿದರು.

ಉಸ್ ಎಂದು ಒಂದು ದೀರ್ಘ ಸದ್ದು ಬಂತು. ನೀರಿನಲ್ಲಿ ಮುಳುಗಿದ್ದವರು ತಲೆ ಎತ್ತಿ ಎಳೆದುಕೊಳ್ಳುವ ಉಸಿರಿನಂಥ ಸದ್ದು. ಅದರ ಹಿಂದೆಯೇ ಗುಳಿಬಿದ್ದ ತಗಡು ಡಬ್ ಎಂದು ಹೊರಗೆ ಬಂತು. ಸೊಪ್ಪು ಕೊಯ್ಯುತ್ತಿದ್ದ ಹೆಂಗಸರು ತಿರುಗಿ ನೋಡಿದರು. ಅಪ್ಪನೂ ನಾನೂ ಇಳಿದು ಓಡಿದೆವು. ಚಿಕ್ಕಪ್ಪ ಮುಚ್ಚಳವನ್ನು ಅಂಗೈಯಲ್ಲಿ ಇಟ್ಟುಕೊಂಡು ನೋಡುತ್ತಿದ್ದರು. ಹಳದಿಯ ಮೇಲೆ ಕೆಂಪು, ಕೆಂಪಿನ ಮೇಲೆ ಹಳದಿ, ಪದರ ಪದರವಾಗಿ ಗಾರೆಯ ಹಾಗೆ ಗಟ್ಟಿಯಾಗಿತ್ತು. ಟ್ಯಾಂಕಿನಿಂದ ಡೀಸೆಲ್ ಹೋದಷ್ಟೂ ಆ ಜಾಗಕ್ಕೆ ಗಾಳಿ ಬರಬೇಕು, ಅದಕ್ಕೆಂದೇ ಮುಚ್ಚಳದ ನಡುವೆ ಒಂದು ತೂತು ಇರುತ್ತದೆ ಎಂದು ಅವರು ನನಗೆ ಆಮೇಲೆ ವಿವರಿಸಿದರು. ಆ ತೂತು ಎಲ್ಲಿದೆ ಎಂದು ಹುಡುಕಿದರೂ ಕಾಣದ ಹಾಗಿತ್ತು. ಗಾಳಿ ಬರದೆ ಟ್ಯಾಂಕು ಡೀಸೆಲನ್ನು ಬಿಡುತ್ತಿರಲಿಲ್ಲ. ಹಳೆಯ ಪಂಪು ಅದರೊಂದಿಗೆ ಹೆಣಗಾಡಿ ಸೋತಿತ್ತು, ಹೊಸ ಪಂಪು ಜಾಸ್ತಿ ಹೊತ್ತು ಹೆಣಗಾಡಿ ಸೋತಿತ್ತು, ಅಷ್ಟೇ ವ್ಯತ್ಯಾಸ. “ಪುಟ್ಟಿ, ನಿನ್ ಪಿನ್ನು ಕೊಡು,” ಎಂದರು. ನನ್ನ ತಲೆಯ ಪಿನ್ನಿನಿಂದ ಕೆರೆದು ಕೆರೆದು ತೂತು ಬಿಡಿಸಿದರು. ಒಂದು ಚಿಂದಿಯನ್ನು ಡೀಸೆಲಿನಲ್ಲಿ ಅದ್ದಿ ಮುಚ್ಚಳವನ್ನು ಉಜ್ಜಿದರು.

ನನಗೆ ಅಷ್ಟು ತಿಳಿಯುವ ವಯಸ್ಸಾಗಿತ್ತು. ಈಗ ಚಿಕ್ಕಪ್ಪ ಗೆದ್ದರು ಎಂದುಕೊಂಡೆ. ಪೂಜೆ ನಿಲ್ಲಿಸಿದ್ದಕ್ಕೆ ಲಾರಿ ಕೆಟ್ಟಿತು ಎಂದ ಅತ್ತೆ, ಎಲ್ಲರೆದುರು ಆಡಿಕೊಂಡ ಅಪ್ಪ, ನಕ್ಕ ಊರು, ಎಲ್ಲರ ಬಾಯಿ ಮುಚ್ಚಿಸುವ ಸಾಕ್ಷಿ ಅವರ ಅಂಗೈಯಲ್ಲಿತ್ತು. ಅಪ್ಪನಿಗೂ ಹಾಗೇ ಅನ್ನಿಸಿರಬೇಕು. ತಲೆ ತಗ್ಗಿಸಿ, ನನ್ನ ಮೂಲಕವಲ್ಲದೆ ನೇರವಾಗಿ, “ಈಗ ಅನ್ನೋ ಕಿಟ್ಟ. ಏನ್ ಅನ್ಬೇಕೋ ಎಲ್ಲ ಅಂದ್ಬಿಡು,” ಎಂದರು.

ಚಿಕ್ಕಪ್ಪ ಮುಚ್ಚಳ ಹಾಕಿ ತಿರುಗಿಸಿದರು. “ಏನ್ ಅನ್ಲಿ ಅಣ್ಣ? ಮುಂದೆ ಬೇಡ, ಇಲ್ಲಿ ಹಚ್ಕೋ ಅಂತ ಜಾಗ ತೋರ್ಸಿದೋನು ನಾನೇ. ಅಮ್ಮಂಗೆ ಏನ್ ಗೊತ್ತು ಪಾಪ, ಒಳ್ಳೇದಾಗ್ಲಿ ಅಂತ ಹಚ್ಚಿದ್ಲು. ಕಷ್ಟಪಟ್ಟು ನಡೆಸಿದ ಲಾರೀನ ತಾನೇ ಕೆಡಿಸಿದ್ದು ಅಂತ ಗೊತ್ತಾದ್ರೆ ಆ ಜೀವ ಉಣ್ಣಲ್ಲ.” ಚಿಂದಿಯಿಂದ ಕೈ ಒರೆಸಿಕೊಂಡರು. “ಪಂಪ್ ನಾನ್ ಸರಿಯಾಗಿ ಕೂರಿಸಿರಲಿಲ್ಲ ಅಂತ ಹೇಳಣ. ಪುಟ್ಟಿ, ನೀನೂ ಅಷ್ಟೇ ಅನ್ಬೇಕು.”

ಅಪ್ಪ ಲಾರಿ ಹತ್ತುವಾಗ ತಮ್ಮನ ಭುಜದ ಮೇಲೆ ಕೈಯಿಟ್ಟು ಹತ್ತಿದರು, ಹಿಡಿದುಕೊಳ್ಳಲು ಬಾಗಿಲಿಗೆ ಹಿಡಿ ಇದ್ದೇ ಇತ್ತು. ಅಲ್ಲಿಂದ ಮುಂದೆ ಇಬ್ಬರೂ ನೇರವಾಗಿ ಮಾತಾಡಿಕೊಂಡರು, ನನ್ನ ಕೆಲಸ ಹೋಯಿತು. ಚಿಂತಾಮಣಿಯಲ್ಲಿ ಮೂಟೆ ಇಳಿಸುವಾಗ ಆ ಕೊಳ್ಳುವವನು ಬಂದು ಟೈರುಗಳನ್ನು ಒದ್ದು ನೋಡಿದ. “ಸುಮ್ನೆ ಕಾಲು ನೋಯಿಸ್ಕೋಬೇಡಿ ಸ್ವಾಮಿ, ಕೊಡಲ್ಲ,” ಎಂದು ಅಪ್ಪ ನಕ್ಕರು. ಬಿಸಿಲು ಆರುವ ಹೊತ್ತಿಗೆ ಊರಿಗೆ ವಾಪಸಾದೆವು. ಅತ್ತೆ ಇನ್ನೂ ಜಗುಲಿಯಲ್ಲೇ ಇದ್ದಳು. ಅಜ್ಜಿ ಬೀದಿಯ ತನಕ ಬಂದು, “ನಿಲ್ತಾ ಎಲ್ಲಾದ್ರೂ?” ಎಂದಳು. “ಒಂದ್ಸಲ ನಿಲ್ತಮ್ಮ. ವಾಷರ್ ನಾನೇ ತಪ್ಪು ಕೂರಿಸಿದ್ದೆ. ಸರಿ ಮಾಡ್ದೆ, ಇನ್ ನಿಲ್ಲಲ್ಲ,” ಎಂದರು ಚಿಕ್ಕಪ್ಪ. “ತಲೆ ಎಲ್ಲೋ ಇದ್ರೆ ಕೈ ಹಿಂಗೇ ಆಗೋದು,” ಎಂದಳು ಅತ್ತೆ. ಜೀವಮಾನದಲ್ಲಿ ವಾಷರ್ ತಪ್ಪು ಕೂರಿಸದ ಮನುಷ್ಯ ತಲೆಯಾಡಿಸಿ ಕೈ ತೊಳೆಯಲು ಹೋದರು. ಅಜ್ಜಿ ಒಳಗೆ ಬರಲಿಲ್ಲ. ಟ್ಯಾಂಕಿನ ಹತ್ತಿರ ಹೋಗಿ, ಸೆರಗು ಹಿಡಿದುಕೊಂಡು ಬಹಳ ಹೊತ್ತು ನಿಂತಿದ್ದಳು. ಎಂದಿನಂತೆ ಲಾರಿಯೊಂದಿಗೆ ಮಾತಾಡುತ್ತಿದ್ದಾಳೆ ಎಂದುಕೊಂಡೆ.

ಮುಂದಿನ ಶುಕ್ರವಾರ ಅಜ್ಜಿ ಬಟ್ಟಲು ಹಿಡಿದು ಹೊರಬಂದಾಗ ಚಿಕ್ಕಪ್ಪ ಮೊದಲೇ ಅಲ್ಲಿದ್ದರು. “ಮುಂದೇನೇ ಹಚ್ಚಮ್ಮ ಇನ್ಮೇಲೆ. ಟ್ಯಾಂಕ್ ಹತ್ರ ಡೀಸೆಲ್ ವಾಸನೆ, ನಿಂಗೆ ಕೆಮ್ಮು ಬೇರೆ,” ಎಂದರು. ಅಜ್ಜಿ ಮಗನ ಮುಖವನ್ನು ಒಂದು ಗಳಿಗೆ ನೋಡಿ, ಮುಂದೆ ಹೋಗಿ, ಬಂಪರಿನ ಮೂಲೆಯಲ್ಲಿ ಒಂದೇ ಒಂದು ಬೊಟ್ಟು ಇಟ್ಟಳು. ಹಿಂದಿನ ಹಾಗೆ ಅಂಗೈ ತುಂಬ ಬಳಿಯಲಿಲ್ಲ. ವಯಸ್ಸಾಯಿತು ಅಂದುಕೊಂಡೆ. ಆಮೇಲೆ ಒಂದು ಮೊಳ ಮಲ್ಲಿಗೆಯನ್ನು ನನ್ನ ಕೈಗೆ ಕೊಟ್ಟು, “ಒಳಗೆ ನಿಮ್ ಚಿಕ್ಕಪ್ಪನ ಸ್ವಾಮಿಗೆ ಹಾಕು. ಬರೀ ಹೂವು, ಬೇರೆ ಏನೂ ಬೇಡ,” ಎಂದಳು. ಚಿಕ್ಕಪ್ಪ ಮೆತ್ತಗಾದರೆಂದು ಅತ್ತೆ ಬೀದಿಯಲ್ಲೆಲ್ಲ ಸಾರಿಕೊಂಡು ಬಂದಳು. ದೀಕ್ಷೆ ತೆಗೆದುಕೊಂಡ ಗೆಳೆಯರು ಬೇಸರ ಮಾಡಿಕೊಂಡರು. ಮುಂದೆ ಕುಂಕುಮ, ಒಳಗೆ ಬುದ್ಧ, ನಿನ್ನ ಲಾರಿ ಯಾವ ಕಡೆ ಹೋಗುತ್ತದಪ್ಪ ಎಂದು ಕೆಣಕಿದರು. “ಚಿಂತಾಮಣಿ ಕಡೆಗೆ,” ಎಂದು ಚಿಕ್ಕಪ್ಪ ನಗುತ್ತಿದ್ದರು. ಅವರ ನಂಬಿಕೆ ಒಂದು ಕೂದಲೆಳೆಯಷ್ಟೂ ಅಲುಗಿರಲಿಲ್ಲ, ಆದರೆ ಅಲುಗಿತು ಎಂದು ಎಲ್ಲರೂ ಅಂದುಕೊಳ್ಳಲು ಬಿಟ್ಟರು. ಅದು ಎಷ್ಟು ಕಷ್ಟದ ಕೆಲಸವೆಂದು ನನಗೆ ದೊಡ್ಡವಳಾದ ಮೇಲೆ ಅರ್ಥವಾಯಿತು.

ಲಾರಿ ಆಮೇಲೂ ಎಷ್ಟೋ ವರ್ಷ ಓಡಿತು, ಮನೆ ಒಂದೇ ಆಗಿ ಉಳಿಯಿತು. ನನ್ನ ಮದುವೆಯ ದಿಬ್ಬಣವೂ ಅದರಲ್ಲೇ ಹೋಯಿತು. ಕೊನೆಗೆ ಅದು ಗುಜರಿಗೆ ಹೋದ ದಿನ ಚಿಕ್ಕಪ್ಪ ಬೇರೆ ಏನನ್ನೂ ಬಿಚ್ಚಿಟ್ಟುಕೊಳ್ಳದೆ ಬುದ್ಧನ ಪಟವನ್ನೂ ಡೀಸೆಲ್ ಮುಚ್ಚಳವನ್ನೂ ಮಾತ್ರ ತಂದು ಮನೆಯಲ್ಲಿಟ್ಟರು. ಲಾರಿ ಹೋದ ಸ್ವಲ್ಪ ದಿನಕ್ಕೆ ಅವರಿಗೆ ಎದೆಯ ಕಾಯಿಲೆ ಬಂತು. ಹೆತ್ತವಳಿಗಿಂತ ಮೊದಲೇ ಹೋಗಿಬಿಟ್ಟರು.

ಅವರನ್ನು ಅಂಗಳದಲ್ಲಿ, ಹೊಂಗೆ ಮರದ ಕೆಳಗೆ, ಲಾರಿ ನಿಲ್ಲುತ್ತಿದ್ದ ಜಾಗದಲ್ಲೇ ಬಿಳಿ ಬಟ್ಟೆ ಹೊದಿಸಿ ಮಲಗಿಸಿದ್ದರು. ಗೆಳೆಯರು ಮೆಲ್ಲಗೆ ತಮ್ಮ ಪ್ರಾರ್ಥನೆ ಹೇಳುತ್ತಿದ್ದರು. ಅಜ್ಜಿ ತಲೆಯ ಹತ್ತಿರ ಕೂತಿದ್ದಳು. ಅತ್ತೆ ಅಳುತ್ತ, “ಒಂದು ಬೊಟ್ಟಾದ್ರೂ ಇಡಮ್ಮ. ಬರೀ ಹಣೇಲಿ ಕಳಿಸ್ಬೇಡ,” ಎಂದಳು. ಇನ್ನೂ ಒಂದಿಬ್ಬರು ಹೌದೆಂದರು. ಗೆಳೆಯರು ಪ್ರಾರ್ಥನೆ ನಿಲ್ಲಿಸಿ ಅಜ್ಜಿಯ ಕಡೆ ನೋಡಿದರು. ಅಜ್ಜಿ ಸೊಂಟದ ಚೀಲದಿಂದ ಭರಣಿ ತೆಗೆದಳು. ಮುಚ್ಚಳ ತೆಗೆದು ಕುಂಕುಮಕ್ಕೆ ಬೆರಳನ್ನೂ ಅದ್ದಿದಳು. ಆಮೇಲೆ ಆ ಬೆರಳನ್ನು ತನ್ನ ಸೆರಗಿಗೆ ಒರೆಸಿಕೊಂಡು, ಭರಣಿಯನ್ನು ಮತ್ತೆ ಚೀಲಕ್ಕೆ ಹಾಕಿದಳು.

“ಬೇಡ,” ಎಂದಳು. “ಒಂದ್ಸಲ ಹಚ್ಚಿ ಹಚ್ಚಿ ಇವ್ನ ಲಾರಿ ಉಸಿರು ಕಟ್ಟಿಸಿದ್ದೆ. ಡೀಸೆಲ್ ಮುಚ್ಚಳದ ತೂತು ಮುಚ್ಚಿದ್ದು ನಾನು, ತಪ್ಪು ತನ್ ಮೇಲೆ ಹಾಕ್ಕೊಂಡಿದ್ದು ಇವ್ನು. ಒಂದ್ ಮಾತು ಅನ್ನಲಿಲ್ಲ ನನ್ ಕಂದ. ಇವ್ನಿಗೆ ಬೇಡದ್ದು ನಂಗೂ ಬೇಡ.”

ಅಪ್ಪ ಮರಕ್ಕೆ ಒರಗಿ ನಿಂತಿದ್ದವರು ಹಾಗೇ ಕುಸಿದು ಕೂತು, ನಾನು ಎಂದೂ ಕೇಳದ ದನಿಯಲ್ಲಿ ಅತ್ತರು. ಗೆಳೆಯರಲ್ಲಿ ಹಿರಿಯನಾದವನು ಬಂದು ಅಜ್ಜಿಯ ಪಾದ ಮುಟ್ಟಿ, ಬಿಟ್ಟ ಕಡೆಯಿಂದ ಪ್ರಾರ್ಥನೆ ಶುರುಮಾಡಿದ. ಎಷ್ಟೋ ದಿನಗಳ ನಂತರ ನಾನು ಅಜ್ಜಿಯನ್ನು ಕೇಳಿದೆ, ನಿನಗೆ ಹೇಗೆ ಗೊತ್ತಾಯಿತು ಎಂದು. “ಅವತ್ತು ಮುಚ್ಚಳ ತೊಳೆದಿತ್ತಲ್ಲ ಪುಟ್ಟಿ. ಅಷ್ಟು ವಾರ ಹಚ್ಚಿದ್ರೂ ಅಲ್ಲೊಂದು ತೂತಿದೆ ಅಂತ ನಾನು ನೋಡೇ ಇರ್ಲಿಲ್ಲ,” ಎಂದಳು. ಹಾಗಾದರೆ ಚಿಕ್ಕಪ್ಪನಿಗೆ ಯಾಕೆ ಹೇಳಲಿಲ್ಲ ಎಂದೆ. “ಅವ್ನು ಅಷ್ಟ್ ಪ್ರೀತಿಯಿಂದ ಮುಚ್ಚಿಟ್ಟಿದ್ದನ್ನ ನಾನು ಹೆಂಗಮ್ಮ ತೆಗೀಲಿ?” ಎಂದು ಒಳಗೆ ಹೋಗಿ, ಬಟ್ಟೆಯಲ್ಲಿ ಸುತ್ತಿದ್ದ ಮುಚ್ಚಳವನ್ನು ತಂದು ನನ್ನ ಮಡಿಲಿಗೆ ಹಾಕಿದಳು.

ಅಜ್ಜಿಯೂ ಹೋದಳು, ಅಪ್ಪನೂ ಹೋದರು. ತೊಂಡೇಬಾವಿಯ ಆ ಜಾಗದಲ್ಲಿ ಈಗ ಬೇರೆ ಯಾರದೋ ಮಹಡಿ ಮನೆಯಿದೆ, ಹೊಂಗೆ ಮರವಿಲ್ಲ. ರೈಲಿನಲ್ಲಿ ಹೋಗುವಾಗ ನಾನು ಆ ಕಡೆ ನೋಡುವುದಿಲ್ಲ. ನನ್ನ ಮನೆಯಲ್ಲಿ ಬುದ್ಧನ ಪಟವೂ ಇದೆ, ಅಜ್ಜಿಯ ಭರಣಿಯೂ ಇದೆ, ಎರಡೂ ಒಂದೇ ಗೂಡಿನಲ್ಲಿ ಜಗಳವಾಡದೆ ಕೂತಿವೆ. ಮುಚ್ಚಳಕ್ಕೆ ನಾನು ಪೂಜೆ ಮಾಡುವುದಿಲ್ಲ. ಶುಕ್ರವಾರ ಕಿಟಕಿ ಒರೆಸುವಾಗ ತಲೆಯ ಪಿನ್ನು ತೆಗೆದುಕೊಂಡು, ಆ ತೂತಿನಲ್ಲಿ ಧೂಳು ಕೂತಿದ್ದರೆ ಬಿಡಿಸಿ, ಬೆಳಕಿಗೆ ಹಿಡಿದು ಆಚೆ ಕಡೆ ಕಾಣುತ್ತದೆಯೇ ಎಂದು ನೋಡಿ, ಮತ್ತೆ ಉಪ್ಪಿನ ಡಬ್ಬಿಯ ಪಕ್ಕದಲ್ಲಿ ಇಡುತ್ತೇನೆ.